ಬಂಡೆ ಏರುವವರ ಬೂಟು ಮತ್ತು ಹಗ್ಗ

ನಮ್ಮ ಶಾಸ್ತ್ರಗಳಲ್ಲಿ ‘ಅಧಿಕಾರಿಭೇದ’ವೆಂಬದೊಂದು ಮಾತುಂಟು. ಯಾವ ವಿದ್ಯೆಯನ್ನು ಯಾರಿಗೆ, ಯಾವ ಹಂತದಲ್ಲಿ ಕೊಡತಕ್ಕದ್ದೆಂಬ ವಿವೇಚನೆಯೇ ಅದು. 30 ವರ್ಷ ಹುನಗುಂದದ ಮಕ್ಕಳಿಗೆ ಪಾಠ ಹೇಳಿದ ನಾನು, ಸ್ವಂತ ಮೊಮ್ಮಗನಿಗೆ ಬೂಟು ಕೊಡಿಸುವಾಗ ಆ ಮಾತನ್ನೇ ಮರೆತೆನು. ಅನ್ಯ ಗೃಹಸ್ಥರಿಗಾದರೂ ಉಪಯೋಗವಾಗಲೆಂದು ಆ ಪ್ರಮಾದವನ್ನು ಇಲ್ಲಿ ನಿವೇದಿಸುತ್ತೇನೆ.

ಬಾದಾಮಿಯ ಕೆಂಪು ಮರಳುಗಲ್ಲನ್ನು ಯಾರು ಅರಿಯರು? ಚಾಲುಕ್ಯರು ಗುಹಾಲಯಗಳನ್ನು ಕೊರೆಯಿಸಿದ್ದು ಆ ಕಲ್ಲಿನಲ್ಲಿಯೇ. ಮೂರನೆಯ ಗುಹೆಯ ಶಾಸನದ ಕಾಲ ಕ್ರಿ.ಶ. 578. ಆ ಸ್ಮಾರಕಗಳಿಂದ ದೂರದ ಬಂಡೆಗಳನ್ನು ಏರಲು ಈಗ ದೇಶವಿದೇಶಗಳ ತರುಣರು ಚಳಿಗಾಲದಲ್ಲಿ ಬರುತ್ತಾರೆ. ಕಲ್ಲು ಅಡ್ಡಪದರಗಳಾಗಿರುವದರಿಂದ ಬೆರಳಿಗೂ ಕಾಲ್ತುದಿಗೂ ಒಳ್ಳೆಯ ಆಸರೆ ಸಿಗುತ್ತದೆ. 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ ಕೂಟದಿಂದ ಈ ವಿದ್ಯೆಗೆ ಅಲ್ಲಿಯೂ ಸ್ಥಾನ ದೊರೆತಿದೆ.

15 ವರ್ಷದ ನನ್ನ ಮೊಮ್ಮಗನು ಎರಡು ದಿನ ಎರವಿನ ಬೂಟಿನಲ್ಲಿ ಕಲಿತು ಹರ್ಷದಿಂದ ಮರಳಿದನು. ನಾನೋ, ನಿಪುಣರು ಬಿಗಿಯಾದ ಬೂಟು ಹಾಕುತ್ತಾರೆಂದು ಕೇಳಿ, ಗಿಳಿಯ ಕೊಕ್ಕಿನಂತೆ ಮುಂದಕ್ಕೆ ಬಾಗಿದ, ಅಳತೆಗಿಂತ ಚಿಕ್ಕದಾದ, ಬಹು ಬೆಲೆಯ ಜೋಡಿಯೊಂದನ್ನು ತರಿಸಿದೆನು. ಅರ್ಧ ತಾಸಿನಲ್ಲಿ ಹುಡುಗನ ಹೆಬ್ಬೆರಳಿನ ಉಗುರು ಕಪ್ಪಾಯಿತು. ಉಳಿದವರು ಏರುತ್ತಿರಲು ಇವನು ಕೆಳಗೆ ಕುಳಿತು, “ಅಜ್ಜಾ, ಇದು ನನ್ನ ಕೈಲೆ ಆಗೂದಲ್ಲ” ಎಂದನು. ದೋಷವು ಬೂಟಿನದು, ಅಲ್ಲ, ನನ್ನದು. ಆದರೆ ಅದನ್ನು ಹುಡುಗನು ತನ್ನದೆಂದೇ ತಿಳಿದನು. ಇದೇ ನನಗೆ ಬಹಳ ಚುಚ್ಚಿತು.

ಅವನಿಗೆ ಕಲಿಸುವ ತರುಣನು ನನಗೂ ಪಾಠ ಹೇಳಿದನು. ಬಾಗಿದ ಬೂಟು ಮುಂದಕ್ಕೆ ಚಾಚಿದ ಬಂಡೆಗಳಲ್ಲಿ ಕಾಲ್ತುದಿಯಿಂದಲೇ ಕಲ್ಲನ್ನು ಹಿಡಿಯಬಲ್ಲ ಅನುಭವಿಗಳಿಗೆ. ಆರಂಭಿಗೆ ಚಪ್ಪಟೆಯಾದ, ತುಸು ಗಟ್ಟಿಯಾದ ಅಟ್ಟೆಯ ಬೂಟೇ ಯುಕ್ತ. ಅವನು ಕಾಲನ್ನು ಕಲ್ಲಿಗೆ ಉಜ್ಜುವದು ಹೆಚ್ಚಾದ್ದರಿಂದ ರಬ್ಬರು ದಪ್ಪವಿರಬೇಕು. ಬೆರಳುಗಳು ತುದಿಯನ್ನು ಮುಟ್ಟಬೇಕು, ಮಡಚಿ ನೋಯಬಾರದು. ಹಿಮ್ಮಡಿಯಲ್ಲಿ ಪೊಳ್ಳು ಉಳಿಯಬಾರದು. ಸಂಜೆಯ ಹೊತ್ತಿಗೆ ಕಾಲು ತುಸು ಉಬ್ಬುವದರಿಂದ ಆಗಲೇ ಹಾಕಿ ನೋಡಬೇಕು. ತೊಗಲಿನದು ಕ್ರಮೇಣ ಸಡಿಲಾಗುತ್ತದೆ, ಕೃತಕ ನೂಲಿನದು ಅಷ್ಟು ಆಗುವದಿಲ್ಲ. ಮೊದಲ ಕೆಲವು ದಿನ ಎರವಿನ ಬೂಟೇ ಸಾಕು. ಆಸಕ್ತಿ ನಿಂತ ಮೇಲೆ ಕೊಳ್ಳುವದು ಲೇಸು.

“ಹಾಗಾದರೆ ಹಗ್ಗವನ್ನೂ ಸಾಧಾರಣದ್ದು ತರೋಣವೇ?” ಎಂದೆನು. ಅವನ ಮುಖ ಗಂಭೀರವಾಯಿತು. ಬೂಟಿನಲ್ಲಿ ಅಧಿಕಾರಿಭೇದವುಂಟು, ಹಗ್ಗದಲ್ಲಿಲ್ಲ. ಬೀಳುವಾಗ ಹೊಸಬನೂ ನಿಪುಣನೂ ಒಂದೇ. ಬಾವಿಯ ಹಗ್ಗವು ಹಿಗ್ಗುವದಿಲ್ಲವಾಗಿ, ಬಿದ್ದ ಪೆಟ್ಟೆಲ್ಲ ಬೆನ್ನುಮೂಳೆಗೇ ತಗಲುತ್ತದೆ. ಬಂಡೆಯೇರುವ ಹಗ್ಗವಾದರೋ ಹಿಗ್ಗಿ ಆ ಪೆಟ್ಟನ್ನು ನುಂಗುತ್ತದೆ. ಸುಮಾರು 10 ಮಿಲಿಮೀಟರ ದಪ್ಪದ, ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ ಯು.ಐ.ಎ.ಎ. ಮುದ್ರೆಯುಳ್ಳ ಹಗ್ಗವನ್ನೇ ಆರಿಸಬೇಕು. ಪೂರ್ವವೃತ್ತಾಂತ ತಿಳಿಯದ ಹಳೆಯ ಹಗ್ಗವನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ಸೊಂಟದ ಪಟ್ಟಿಗೂ ಶಿರಸ್ತ್ರಾಣಕ್ಕೂ ಇದೇ ನಿಯಮ. ಮಳೆ ಬಿದ್ದ ಮೇಲೆ ಮರಳುಗಲ್ಲು ಒಳಗೆ ಪೂರ್ಣ ಒಣಗುವ ತನಕ ಏರಲೇಬಾರದು. ಹಸಿಯಾದಾಗ ಅದು ಬಲಗುಂದಿ ಮುರಿಯುತ್ತದೆ. ಇದು ಇಳಕಲ್ಲಿನ ಕಣಶಿಲೆಯಲ್ಲವಷ್ಟೆ!

ಉಗುರು ಮಾಯ್ದ ಮೇಲೆ ಚಪ್ಪಟೆ ಬೂಟು ತರಿಸಿದೆವು. ಒಲ್ಲೆನೆಂದವನನ್ನು ಒಂದೇ ಸಲವೆಂದು ಒಪ್ಪಿಸಿ ಕರೆದೊಯ್ದೆನು. ನಾನು ನೆರಳಿನಲ್ಲಿ ರೊಟ್ಟಿಯ ಗಂಟನ್ನು ಮಂಗಗಳಿಂದ ಕಾಯುತ್ತಿದ್ದಾಗ ಮೇಲಿನಿಂದ “ಅಜ್ಜಾ!” ಎಂಬ ಕೂಗು ಕೇಳಿತು. ತಲೆಯೆತ್ತಿದರೆ, ಹುಡುಗನು ಬಂಡೆಯ ನೆತ್ತಿಯಲ್ಲಿದ್ದನು.

ಗಿಳಿಕೊಕ್ಕಿನ ಬೂಟುಗಳು ನಮ್ಮ ಅಟ್ಟದ ಮೇಲಿವೆ. ಅವುಗಳಿಗೆ ತಕ್ಕ ಯೋಗ್ಯತೆ ಅವನಿಗೆ ಬರುವಷ್ಟರಲ್ಲಿ, ಅವನ ಕಾಲು ಅವುಗಳನ್ನು ಮೀರಿ ಬೆಳೆದಿರುತ್ತದೆ.