ಹಿಂದವಾಡಿಯ ಬಾಡಿಗೆ, ಖಾನಾಪುರದ ಅಪ್-ಡೌನ್

ಬೆಳಗಾವಿಯ ಹಿಂದವಾಡಿಯಲ್ಲಿ ಬಾಡಿಗೆಗಿರುವ ಕುಟುಂಬಗಳಲ್ಲಿ ಒಂದಲ್ಲ ಒಂದು ದಿನ ಈ ಮಾತು ಎದ್ದೇ ಏಳುತ್ತದೆ. ಇಲ್ಲಿ ತಿಂಗಳಾ ತಿಂಗಳಾ ಬಾಡಿಗೆ ಸುರಿಯುವ ಬದಲು ಖಾನಾಪುರದ ಕಡೆ ಒಂದು ಪ್ಲಾಟ್ ತಗೊಂಡು ಸ್ವಂತ ಮನೆ ಕಟ್ಟಬಾರದೇಕೆ? ಗಂಡ ಹೆಂಡತಿ ಇಬ್ಬರೂ ರವಿವಾರ ಮುಂಜಾನೆ ಜಾಗ ನೋಡಲು ಹೊರಡುತ್ತಾರೆ. ರಸ್ತೆ ಖಾಲಿ, ಗಾಳಿ ತಂಪು, ದೂರದಲ್ಲಿ ಕಾಡಿನ ಹಸಿರು. ಏಜೆಂಟ್ ಹೇಳುತ್ತಾನೆ: "ಇಲ್ಲೇ ಐತಲ್ರೀ ಬೆಳಗಾವಿ, ಅರ್ಧಾ ತಾಸಿನ ಹಾದಿ." ನಿರ್ಧಾರ ಅಲ್ಲಿಗೇ ಮುಕ್ಕಾಲು ಆದಂತೆ.

ಈ ವ್ಯವಹಾರದಲ್ಲಿ ಕಿವಿಗೆ ಬೀಳುವ ನಂಬಿಕೆಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಎಲ್ಲದರಲ್ಲೂ ಪಾವುಪಾಲು ನಿಜ ಇರುವುದರಿಂದಲೇ ಅವು ಜನರನ್ನು ದಾರಿ ತಪ್ಪಿಸುತ್ತವೆ.

"26 ಕಿಲೋಮೀಟರ್, ಅರ್ಧ ತಾಸು"

ಕಿಲೋಮೀಟರ್ ಸರಿ. ತಾಸು ಸರಿಯಲ್ಲ. ಅರ್ಧ ತಾಸೆಂಬುದು ಖಾನಾಪುರ ಬಿಟ್ಟು ಊರಿನ ಅಂಚು ಮುಟ್ಟುವವರೆಗಿನ ಲೆಕ್ಕ, ಅದೂ ಸ್ವಂತ ಗಾಡಿಯಲ್ಲಿ. ಕೆಲಸಕ್ಕೆ ಹೋಗುವವರು ಊರಿನ ಅಂಚಿಗೆ ಹೋಗುವುದಿಲ್ಲ, ತಮ್ಮ ಕುರ್ಚಿಗೆ ಹೋಗುತ್ತಾರೆ. ಬಸ್ಸಿನವರ ಲೆಕ್ಕ ಹೀಗೆ ಹಿಡಿಯಿರಿ: ಮನೆಯಿಂದ ನಿಲ್ದಾಣಕ್ಕೆ ಹತ್ತು ನಿಮಿಷ, ಕಾಯುವುದು ಹತ್ತು, ಬಸ್ಸಿನಲ್ಲಿ ಐವತ್ತು, ಬೆಳಗಾವಿಯ ಬಸ್ ನಿಲ್ದಾಣದಿಂದ ಆಫೀಸಿಗೆ ಸಿಟಿ ಬಸ್ಸು ಅಥವಾ ಆಟೋ ಹಿಡಿದು ಹದಿನೈದು. ಒಟ್ಟು 85 ನಿಮಿಷ. ಹೋಗಿ ಬರುವುದು ಸೇರಿ 170 ನಿಮಿಷ. ತಿಂಗಳಿಗೆ 24 ದಿನ ಕೆಲಸವೆಂದರೆ 68 ತಾಸು. ಎಂಟು ತಾಸಿನ ಡ್ಯೂಟಿಗೆ ಹಂಚಿದರೆ ಎಂಟೂವರೆ ದಿನದ ದುಡಿಮೆ, ಸಂಬಳವಿಲ್ಲದೆ.

ಇದು ಬೇಸಿಗೆಯ ಲೆಕ್ಕ. ಬೆಳಗಾವಿಯಿಂದ ಖಾನಾಪುರ, ಅಲ್ಲಿಂದ ಘಟ್ಟದ ಕಡೆ ಹೋದಷ್ಟೂ ಮಳೆ ಜೋರು. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದೂ ಖಾನಾಪುರ ತಾಲ್ಲೂಕಿನಲ್ಲೇ ಎಂಬುದು ನೆನಪಿರಲಿ. ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ರೇನ್‌ಕೋಟ್ ಹಾಕಿಕೊಂಡು ಬೈಕಿನಲ್ಲಿ ಬರುವವರಿಗೆ ಅರ್ಧ ತಾಸಿನ ಮಾತು ಹೇಳಿ ನೋಡಿ. ಜಾಗ ನೋಡಲು ಹೋಗಬೇಕಾದದ್ದು ಮಳೆಗಾಲದ ಸೋಮವಾರ, ಅದೂ ಹಿಂದುಮುಂದಾಗಿ: ಎಂಟು ಗಂಟೆಗೆ ಖಾನಾಪುರದಲ್ಲಿ ನಿಂತು ಬೆಳಗಾವಿಯ ಕಡೆ ಹೊರಡಬೇಕು.

"ಅಗ್ಗದ ಜಾಗದಲ್ಲಿ ಉಳಿದ ದುಡ್ಡು ಪೆಟ್ರೋಲಿಗೆ ಸಾಕಾಗಿ ಮಿಗುತ್ತದೆ"

ಪ್ಲಾಟಿನ ರೇಟು ಎಲ್ಲರ ಬಾಯಲ್ಲಿರುತ್ತದೆ, ಪೆಟ್ರೋಲು ಯಾರ ಡೈರಿಯಲ್ಲೂ ಇರುವುದಿಲ್ಲ. ಹೋಗಿ ಬರಲು 52 ಕಿ.ಮೀ. ಹಿಂದವಾಡಿಯಲ್ಲೇ ಇದ್ದರೂ ದಿನಕ್ಕೊಂದು ಹತ್ತು ಕಿ.ಮೀ. ಓಡಾಟ ತಪ್ಪದು. ಅದನ್ನು ಕಳೆದರೆ ಹೆಚ್ಚುವರಿ 42, ತಿಂಗಳಿಗೆ ಸಾವಿರದ ಮೇಲೆ ಎಂಟು. ಪೆಟ್ರೋಲು ಲೀಟರಿಗೆ 103 ರೂಪಾಯಿ ಎಂದು ಹಿಡಿಯಿರಿ. ಲೀಟರಿಗೆ 50 ಕಿ.ಮೀ. ಕೊಡುವ ಬೈಕಾದರೆ ತಿಂಗಳಿಗೆ ಎರಡು ಸಾವಿರ ಚಿಲ್ಲರೆ. 16 ಕೊಡುವ ಕಾರಾದರೆ ಆರೂವರೆ ಸಾವಿರ. ಟೈರು, ಆಯಿಲ್, ಸರ್ವಿಸಿಂಗ್ ಇನ್ನೂ ಸೇರಿಲ್ಲ. ಗಣೇಬೈಲಿನಲ್ಲಿ ಟೋಲ್ ಬೇರೆ ಇದೆ. ಬೈಕಿಗೆ ಟೋಲ್ ಇಲ್ಲ, 20 ಕಿ.ಮೀ. ಒಳಗಿನ ನಿವಾಸಿಗಳ ಸ್ವಂತ ಕಾರಿಗೆ ಸುಮಾರು 350 ರೂಪಾಯಿಯ ತಿಂಗಳ ಪಾಸ್ ಸಿಗುತ್ತದೆ. ಹಾಗಾಗಿ ಇದೇನೂ ದೊಡ್ಡ ಹೊರೆಯಲ್ಲ. ಟೋಲಿನ ಬಗ್ಗೆ ಜನ ಕೂಗಾಡುವಷ್ಟು ಪೆಟ್ರೋಲಿನ ಬಗ್ಗೆ ಕೂಗಾಡುವುದಿಲ್ಲ, ಅದೊಂದು ಸೋಜಿಗ.

ಈಗ ಬ್ಯಾಂಕಿನ ಕಡೆಯಿಂದ ನೋಡಿ. ಶೇ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ಗೃಹಸಾಲ ತೆಗೆದರೆ ಲಕ್ಷಕ್ಕೆ ತಿಂಗಳ ಕಂತು ಸುಮಾರು 900 ರೂಪಾಯಿ. ಅಂದರೆ ಕಾರಿನ ಆ ಆರೂವರೆ ಸಾವಿರದಲ್ಲಿ ಏಳು ಲಕ್ಷಕ್ಕೂ ಹೆಚ್ಚಿನ ಸಾಲದ ಕಂತು ಕಟ್ಟಬಹುದು. ಬೈಕಿನವರಿಗೆ ಎರಡು ಲಕ್ಷದ ಮೇಲೆ. ಇಷ್ಟು ಹಣ ಸೇರಿಸಿದರೂ ಹಿಂದವಾಡಿಯಲ್ಲಿ ಮನೆ ಸಿಗದಿರಬಹುದು, ಒಪ್ಪುವೆ. ಆದರೆ ಅನಗೋಳ, ವಡಗಾವಿ, ಯಳ್ಳೂರಿನ ಹಾದಿ, ಪೀರನವಾಡಿಗಳಲ್ಲಿ ಇಷ್ಟರ ವ್ಯತ್ಯಾಸಕ್ಕೇ ಒಂದು ಮನೆ ಕೈಗೆ ಎಟುಕುವುದುಂಟು. ಇನ್ನೊಂದು ಮಾತು: ಕಂತು ಒಂದು ದಿನ ತೀರುತ್ತದೆ, ಕೊನೆಗೆ ಕೈಯಲ್ಲಿ ಮನೆ ಉಳಿಯುತ್ತದೆ. ಸುಟ್ಟ ಪೆಟ್ರೋಲಿಗೆ ಉತಾರ ಸಿಗುವುದಿಲ್ಲ.

ಹೆಂಗಸರ ಮಟ್ಟಿಗೆ ಈ ಲೆಕ್ಕ 2023ರ ಜೂನ್ 11ರಿಂದ ಬದಲಾಗಿದೆ. ಶಕ್ತಿ ಯೋಜನೆಯಲ್ಲಿ ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಖಾನಾಪುರದಿಂದ ದಿನಾ ಬರುವ ನರ್ಸು, ಶಿಕ್ಷಕಿ, ಅಂಗಡಿಯಲ್ಲಿ ದುಡಿಯುವ ಹುಡುಗಿಗೆ ಇದು ತಿಂಗಳ ಸಂಬಳ ಏರಿದಂತೆಯೇ. ಸಮಯ ಮಾತ್ರ ಯಾವ ಯೋಜನೆಯಲ್ಲೂ ಉಚಿತವಿಲ್ಲ. ಸಂಜೆ ಏಳಕ್ಕೆ ಬಸ್ಸಿಳಿದವಳಿಗೆ ಮನೆಯಲ್ಲಿ ರೊಟ್ಟಿ ಬಡಿಯುವ ಕೆಲಸ ಕಾದಿರುತ್ತದೆ. ಗಂಡಸರು "ಅಪ್-ಡೌನ್ ಏನು ಮಹಾ" ಎನ್ನುವಾಗ ಈ ಕೊನೆಯ ತಾಸನ್ನು ಎಣಿಸಿರುವುದಿಲ್ಲ.

"ರೂಢಿ ಆಗತೈತಿ ಬಿಡ್ರಿ"

ಜನ ಯಾವುದಕ್ಕೆ ರೂಢಿಯಾಗುತ್ತಾರೆ ಎಂಬುದೇ ಇಲ್ಲಿ ತಲೆಕೆಳಗಾಗಿದೆ. ದೊಡ್ಡ ಹಾಲ್, ಹಿಂದಿನ ಹಿತ್ತಿಲು, ನೆಂಟರಿಗೆಂದು ಕಟ್ಟಿದ ಹೆಚ್ಚುವರಿ ಕೋಣೆ, ಇವಕ್ಕೆ ಆರು ತಿಂಗಳಲ್ಲಿ ಒಗ್ಗಿಹೋಗುತ್ತೇವೆ, ಆಮೇಲೆ ಅವು ಕಣ್ಣಿಗೂ ಬೀಳುವುದಿಲ್ಲ. ಆ ಕೋಣೆ ತುಂಬುವುದು ಗಣೇಶ ಚೌತಿಗೆ, ಒಂದೆರಡು ಮದುವೆಗೆ. ಪ್ರಯಾಣ ಹಾಗಲ್ಲ. ನಿನ್ನೆ ಬಸ್ಸು ಬೇಗ ಸಿಕ್ಕಿತು, ಇಂದು ಬರಲೇ ಇಲ್ಲ, ನಾಳೆ ಪೀರನವಾಡಿ ಕ್ರಾಸಿನಲ್ಲಿ ಲಾರಿ ಕೆಟ್ಟು ನಿಂತೀತು. ದಿನವೂ ಬೇರೆ ಬೇರೆ ಥರ ಕಾಡುವುದಕ್ಕೆ ಮನಸ್ಸು ಒಗ್ಗುವುದು ಕಷ್ಟ. ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಜರ್ ಮತ್ತು ಬ್ರೂನೋ ಫ್ರೇ ಜರ್ಮನಿಯ ಕುಟುಂಬಗಳ ಹಲವು ವರ್ಷಗಳ ಮಾಹಿತಿ ಹಿಡಿದು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೂರ ಓಡಾಡುವವರ ಬದುಕಿನ ನೆಮ್ಮದಿ ಕಡಿಮೆ ಇತ್ತು. ಹೆಚ್ಚಿನ ಸಂಬಳವಾಗಲಿ ಒಳ್ಳೆಯ ಮನೆಯಾಗಲಿ ಆ ಕೊರತೆಯನ್ನು ತುಂಬಿರಲಿಲ್ಲ. ಬ್ರಿಟನ್ನಿನ ಮಾಹಿತಿ ಹಿಡಿದ 2014ರ ಇನ್ನೊಂದು ಅಧ್ಯಯನಕ್ಕೆ ಅಷ್ಟು ಖಚಿತವಾದ ನಂಟು ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ "ಎಲ್ಲರಿಗೂ ರೂಢಿಯಾಗುತ್ತದೆ" ಎಂಬ ಧೈರ್ಯವನ್ನು ಎರಡೂ ಕೊಡುವುದಿಲ್ಲ.

"ನಾಲ್ಕು ಪಥ ಆಗಿದೆ, ರೈಲೂ ಇದೆ"

ಮಚ್ಛೆ ದಾಟಿದ ಮೇಲೆ ಖಾನಾಪುರದ ತನಕ ಹೆದ್ದಾರಿ ಚೆನ್ನಾಗಿದೆ, ನಿಜ. ಆದರೆ 18 ಕಿ.ಮೀ. ದೂರವನ್ನು ಗಂಟೆಗೆ 60ರ ಬದಲು 80ರ ವೇಗದಲ್ಲಿ ಓಡಿಸಿದರೆ ಉಳಿಯುವುದು ನಾಲ್ಕೂವರೆ ನಿಮಿಷ. ಅಪಾಯ ಅದಕ್ಕಿಂತ ಎಷ್ಟೋ ಹೆಚ್ಚು. ಉಳಿಸಿದ್ದನ್ನು ಉದ್ಯಮಬಾಗದ ಶಿಫ್ಟಿನ ಗದ್ದಲವೋ ಟಿಳಕವಾಡಿಯಲ್ಲಿ ಬಿದ್ದ ಒಂದು ರೈಲ್ವೆ ಗೇಟೋ ಕಿತ್ತುಕೊಳ್ಳುತ್ತದೆ. ಹಾದಿಯ ನಡುಭಾಗ ಸುಧಾರಿಸಿದೆ, ತುದಿ ಹಾಗೇ ಇದೆ. ಇನ್ನು "ಬೈಪಾಸ್ ಆಗತೈತ್ರಿ" ಎಂಬ ಮಾತಿಗೆ ಮುಂಗಡ ಕೊಡುವವರು ಹಲಗಾ–ಮಚ್ಛೆ ಬೈಪಾಸನ್ನು ನೆನೆಯಬೇಕು. ಫಲವತ್ತಾದ ಹೊಲ ಕಳೆದುಕೊಳ್ಳುವ ರೈತರ ವಿರೋಧ, ಕೋರ್ಟಿನ ತಕರಾರುಗಳಲ್ಲಿ ಅದು ವರ್ಷಗಟ್ಟಲೆ ನಿಂತಿತ್ತು. ಇರುವ ರಸ್ತೆಯ ಮೇಲೆ ಮನೆ ಕೊಳ್ಳಿ, ಬರುವ ರಸ್ತೆಯ ಮೇಲಲ್ಲ.

ರೈಲಿನ ಮಾತು ಚಿಕ್ಕದು. ದೇಸೂರು, ಇದಲಹೊಂಡ, ಖಾನಾಪುರ, ಗುಂಜಿ, ಲೋಂಡಾ ಎಂದು ಹಳಿಯುದ್ದಕ್ಕೂ ನಿಲ್ದಾಣಗಳಿವೆ, ತಿಂಗಳ ಪಾಸ್ ಅಗ್ಗ. ಆದರೆ ಈ ಹಳಿಯ ಮೇಲಿನ ಗಾಡಿಗಳ ವೇಳಾಪಟ್ಟಿ ಹುಬ್ಬಳ್ಳಿ, ಮೀರಜ್, ಗೋವಾ, ಬೆಂಗಳೂರನ್ನು ನೋಡಿ ಮಾಡಿದ್ದು, ನಿಮ್ಮ ಆಫೀಸಿನ ಗಂಟೆ ನೋಡಿ ಅಲ್ಲ. ಒಂದು ಹೊಂದಿದರೆ ಅದೃಷ್ಟ, ಅದು ತಪ್ಪಿದರೆ ಬಸ್ಸೇ ಗತಿ.

"ಹಾಗಾದರೆ ಊರೊಳಗೇ ಇರಬೇಕು"

ಇದೂ ತಪ್ಪೇ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಉದ್ಯೋಗಿಗಳನ್ನು ಕೇಳಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜನ ಬಯಸಿದ ಪ್ರಯಾಣ ಸೊನ್ನೆಯಲ್ಲ, ಸರಾಸರಿ 16 ನಿಮಿಷ. ಮನೆಗೂ ಆಫೀಸಿಗೂ ನಡುವೆ ತುಸು ಬಿಡುವು ಯಾರಿಗೂ ಬೇಡವಾಗಿಲ್ಲ. ಅದಕ್ಕಿಂತ ಮುಖ್ಯವಾಗಿ, ಬೆಳಗಾವಿಯಲ್ಲಿ ಕೆಲಸವೆಂಬುದು ಚನ್ನಮ್ಮ ವೃತ್ತದಲ್ಲಿ ಗುಡ್ಡೆ ಹಾಕಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವುದು ಮಚ್ಛೆಯಲ್ಲಿ, ಕಾರ್ಖಾನೆಗಳ ಸಾಲು ಉದ್ಯಮಬಾಗದಲ್ಲಿ. ಎರಡೂ ಖಾನಾಪುರ ರಸ್ತೆಯ ಮೇಲೇ ಇವೆ. ಮಚ್ಛೆಯಲ್ಲಿ ದುಡಿಯುವವರಿಗೆ, ಅದರಲ್ಲೂ ಖಾನಾಪುರದಲ್ಲಿ ತಂದೆತಾಯಿ, ನಾಲ್ಕು ಗುಂಟೆ ಜಾಗ, ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿ ಇರುವವರಿಗೆ, ಊರಿನ ಗದ್ದಲಕ್ಕೆ ಹೊಗದೆಯೇ ಕೆಲಸದ ಬಾಗಿಲು ಸಿಗುತ್ತದೆ. ಅವರು ಕಣ್ಣುಮುಚ್ಚಿ ಖಾನಾಪುರ ಆರಿಸಬಹುದು. ಅಜ್ಜನಿಗೆ ಪದೇ ಪದೇ ಆಸ್ಪತ್ರೆಯ ಕೆಲಸವಿದ್ದರೆ ಮಾತ್ರ, ನೆಹರೂನಗರದ ಕೆಎಲ್‌ಇ ಆಸ್ಪತ್ರೆ ಊರಿನ ಆಚೆ ಬದಿಗಿದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಬೇಕು.

ಹಿಂದವಾಡಿಯವರೆಲ್ಲ ಹತ್ತಿರವೇ ಇದ್ದಾರೆಂದೂ ಅಲ್ಲ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇರುವುದು ಊರಿನ ಉತ್ತರಕ್ಕೆ, ಕಾಕತಿಯನ್ನೂ ದಾಟಿ ಭೂತರಾಮನಹಟ್ಟಿಯಲ್ಲಿ. ಹಿಂದವಾಡಿಯಿಂದ ಅಲ್ಲಿಗೆ ಹೋಗುವವರು ಗೋವಾವೇಸದಿಂದ ಶುರುಮಾಡಿ ಇಡೀ ಊರನ್ನು ಅಡ್ಡ ಸೀಳಿಕೊಂಡು ಹೆದ್ದಾರಿ ಸೇರಬೇಕು, ಸಂಜೆ ಅದೇ ಹಾದಿ ಮತ್ತೆ. ಮಚ್ಛೆಗೆ ಬರುವ ಖಾನಾಪುರದವರ ಹೊತ್ತಿಗೂ ಇವರ ಹೊತ್ತಿಗೂ ಹೆಚ್ಚೇನೂ ಅಂತರ ಬೀಳದು. ಆದರೂ "ಅವರಿಗೇನ್ರಿ, ಊರಾಗ ಅದಾರ" ಎಂದು ಜನ ಅವರ ಓಡಾಟವನ್ನು ಅಪ್-ಡೌನ್ ಎಂದು ಎಣಿಸುವುದೇ ಇಲ್ಲ.