ಬಾಗಿಲ ತೂತಿನಿಂದ ಬಂದ ಗ್ರಹಣ

ಸಂಪೂರ್ಣ ಸೂರ್ಯಗ್ರಹಣವು ಒಂದೇ ಊರಿನ ಮೇಲೆ ಮತ್ತೊಮ್ಮೆ ಬರಬೇಕಾದರೆ ಸರಾಸರಿ 375 ವರ್ಷಗಳು ಬೇಕೆಂದು ಬಲ್ಲವರು ಲೆಕ್ಕ ಹಾಕಿದ್ದಾರೆ. ಕೃಷ್ಣಾ ತೀರದ ನಮ್ಮ ಸೀಮೆಯ ಭಾಗ್ಯ ಇದಕ್ಕಿಂತ ದೊಡ್ಡದು. 1868ರ ಆಗಸ್ಟ್ 18ರಂದು ಚಂದ್ರನ ನೆರಳು ಜಮಖಂಡಿಯ ಕಡೆಯಿಂದ ಗುಂಟೂರಿನ ಕಡೆಗೆ ಈ ಕಣಿವೆಯ ಮೇಲೆಯೇ ಹಾದುಹೋಗಿತ್ತು. ಫ್ರಾನ್ಸಿನ ಜಾನ್ಸೆನ್ ಎಂಬ ವಿಜ್ಞಾನಿ ಗುಂಟೂರಿನಲ್ಲಿದ್ದು ಸೂರ್ಯನ ಅಂಚಿನ ಬೆಳಕನ್ನು ಪರೀಕ್ಷಿಸಿದ್ದು ಆಗಲೇ. ಆ ಗ್ರಹಣದಲ್ಲಿ ಕಂಡ ಹಳದಿ ಗೆರೆಯೇ ಮುಂದೆ ಹೀಲಿಯಂ ಎಂಬ ಮೂಲವಸ್ತುವಿನ ಸುಳಿವಾಯಿತು. ಅದಾಗಿ ನೂರಹನ್ನೊಂದು ವರ್ಷಗಳ ಮೇಲೆ, 1980ರ ಫೆಬ್ರವರಿ 16ರ ಶನಿವಾರ, ಆ ನೆರಳು ನಮ್ಮ ಹೊಲಗಳಿಗೆ ಮರಳಿ ಬಂದಿತು. ನಮ್ಮ ಊರು ಅದನ್ನು ಬಾಗಿಲು ಹಾಕಿಕೊಂಡು ಬರಮಾಡಿಕೊಂಡಿತು.

ನಮ್ಮ ಹಳ್ಳಿ ಆಗ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಯಲ್ಲಿ, ಮಕ್ತಲ್ ಸೀಮೆಗೆ ಸೇರಿತ್ತು. ಇಂದು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿದೆ. ಹೊಳೆ ದಾಟಿದರೆ ರಾಯಚೂರು ಸೀಮೆ. ಕಚೇರಿಯ ಕಾಗದ ತೆಲುಗಿನಲ್ಲಿ ಬಂದರೂ ಮನೆಯ ಮಾತು, ಶಾಲೆಯ ಪಾಠ ಕನ್ನಡದಲ್ಲಿಯೇ. ನಾವು ಆಗ ಏಳನೆಯ ತರಗತಿಯಲ್ಲಿದ್ದೆವು, ಹನ್ನೆರಡರ ವಯಸ್ಸು.

ಶಿವರಾತ್ರಿಯ ಬೆನ್ನಿಗೆ ಬಂದ ಅಮಾವಾಸ್ಯೆ ಅದು. ವಾರದ ಮೊದಲಿನಿಂದಲೂ ಊರಲ್ಲಿ ಗ್ರಹಣದ್ದೇ ಮಾತು. ನೋಡಿದರೆ ಕಣ್ಣು ಹೋಗುತ್ತದೆ, ನೀರು ವಿಷವಾಗುತ್ತದೆ, ಬಸುರಿಯ ಮೈಮೇಲೆ ನೆರಳು ಬಿದ್ದರೆ ಕೂಸಿಗೆ ಊನವಾಗುತ್ತದೆ ಎಂದು ಕಟ್ಟೆಯ ಮೇಲೆ ಕುಳಿತವರೆಲ್ಲ ಹೇಳುವವರೇ. ಹಳ್ಳಿಗರನ್ನಷ್ಟೇ ನಗುವ ಕಾರಣವಿಲ್ಲ. ಆ ದಿನ ದೊಡ್ಡ ದೊಡ್ಡ ಪಟ್ಟಣಗಳ ಬೀದಿಗಳೂ ಬಿಕೋ ಎನ್ನುತ್ತಿದ್ದವು.

ನಮ್ಮ ಮನೆಯಲ್ಲಿ ಈ ಭಯಕ್ಕೆ ಬೇರೊಂದು ಕಾರಣವಿತ್ತು. ಅತ್ತಿಗೆಗೆ ಆರು ತಿಂಗಳು. ಅದರ ಹಿಂದಿನ ವರ್ಷ ಅವರ ಮೊದಲ ಕೂಸು ಹುಟ್ಟಿದ ಮೂರನೆಯ ದಿನಕ್ಕೆ ತೀರಿಕೊಂಡಿತ್ತು. ಹಾಗಾಗಿ ಅವ್ವ ಮತ್ತು ಅಜ್ಜಿ ಮಧ್ಯಾಹ್ನವೇ ಅತ್ತಿಗೆಯನ್ನು ಪಡಸಾಲೆಯ ಒಳಗಿನ ಕೋಣೆಯಲ್ಲಿ ಕಂಬಳಿ ಹಾಸಿ ಕೂಡಿಸಿ, ಕಿಟಕಿಗೆ ಗೋಣಿತಟ್ಟು ಕಟ್ಟಿ, ಹಿತ್ತಿಲಿಗೆ ತೆರೆಯುವ ಪಡುವಣ ಬಾಗಿಲಿಗೆ ಅಗಳಿ ಹಾಕಿದರು. ಕೊಡಗಳ ಮೇಲೆ ದರ್ಭೆ ಇಟ್ಟರು. ಅಂಗಳದಲ್ಲಿ ಹಿತ್ತಾಳೆಯ ಪರಾತದಲ್ಲಿ ನೀರು ಹಾಕಿ ಒನಕೆಯನ್ನು ನೆಟ್ಟಗೆ ನಿಲ್ಲಿಸಿದರು. ಗ್ರಹಣ ಹಿಡಿದಿರುವಷ್ಟು ಹೊತ್ತು ಒನಕೆ ನಿಲ್ಲುತ್ತದೆ, ಬಿಟ್ಟೊಡನೆ ಬೀಳುತ್ತದೆ ಎಂಬುದು ನಂಬಿಕೆ.

ನಮ್ಮ ಮಾಸ್ತರರು ಮಾತ್ರ ಹಿಂದಿನ ದಿನವೇ ಮನೆ ಮನೆಗೆ ಬಂದು, "ಹುಡುಗರನ್ನ ಕಳಿಸ್ರಿ, ಕಣ್ಣಿಗೆ ಏನೂ ಆಗದ್ಹಾಂಗ ತೋರಿಸ್ತೀನಿ. ಅವರ ಜೀವಮಾನದಾಗ ಇದು ಮತ್ತೆ ಬರೂದಿಲ್ರಿ" ಎಂದು ಕೇಳಿಕೊಂಡಿದ್ದರು. ಅವ್ವ ಒಪ್ಪಲಿಲ್ಲ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಮಾಸ್ತರರ ಕೈಯಾಗ ಕೊಟ್ಟ ಹುಡುಗ, ಹೋಗಲಿ ಬಿಡು" ಎಂದರು. ಇಡೀ ಶಾಲೆಯಲ್ಲಿ ಬಂದವರು ಏಳು ಮಂದಿ; ಅವರಲ್ಲಿ ಹುಡುಗಿ ಒಬ್ಬಳೂ ಇರಲಿಲ್ಲ.

ಎರಡೂವರೆಯ ಸುಮಾರಿಗೆ ಸ್ಪರ್ಶವಾಯಿತು. ಮಾಸ್ತರರು ಮುಖ ನೋಡುವ ಸಣ್ಣ ಕನ್ನಡಿಗೆ ಕಾಗದ ಅಂಟಿಸಿ, ಕಾಗದದ ನಡುವೆ ಕಡಲೆಕಾಳಿನಷ್ಟು ತೂತು ಕೊರೆದಿದ್ದರು. ಆ ಕನ್ನಡಿಯನ್ನು ಅಂಗಳದ ಬಿಸಿಲಿಗೆ ಹಿಡಿದು ಬೆಳಕನ್ನು ಕತ್ತಲೆಯ ತರಗತಿಯೊಳಕ್ಕೆ ಹಾಯಿಸಿದರೆ, ಗೋಡೆಯ ಮೇಲೆ ಅಂಗೈಯಗಲದ ಸೂರ್ಯ ಮೂಡುತ್ತಿದ್ದ. ಅವನ ಅಂಚಿನಲ್ಲಿ ಯಾರೋ ರೊಟ್ಟಿ ಮುರಿದ ಹಾಗೆ ಒಂದು ತುಣುಕು ಇಲ್ಲ. ನೋಡುನೋಡುತ್ತ ಆ ತುಣುಕು ಬೆಳೆಯಿತು.

ಮೂರೂವರೆಯ ಹೊತ್ತಿಗೆ ಹೊರಗಿನ ಬಿಸಿಲಿನ ಬಣ್ಣವೇ ಬದಲಾಯಿತು. ಅದು ಸಂಜೆಯ ಕೆಂಪಲ್ಲ, ಮೋಡದ ಮಂಕೂ ಅಲ್ಲ. ಕಲಾಯಿ ಹಾಕಿದ ಪಾತ್ರೆಯ ಹೊಳಪಿನಂಥ ಬೂದು ಬೆಳಕು. ನಮ್ಮ ನೆರಳುಗಳ ಅಂಚು ಕತ್ತರಿಸಿದಂತೆ ಚೂಪಾಯಿತು. ಗಾಳಿ ತಣ್ಣಗಾಯಿತು. ಹೊಳೆಯ ಕಡೆಯಿಂದ ಬೆಳ್ಳಕ್ಕಿಗಳ ಹಿಂಡು ಗೂಡಿಗೆ ತಿರುಗಿತು. ಕಾಗೆಗಳು ಬೇವಿನ ಮರದಲ್ಲಿ ಗದ್ದಲವೆಬ್ಬಿಸಿ ಒಮ್ಮೆಗೇ ಸುಮ್ಮನಾದವು. ಜೋಳದ ಹೊಲದ ಕಡೆ ಬಿಟ್ಟಿದ್ದ ದನಗಳು ಕರೆಯುವವರಿಲ್ಲದೆ ತಾವಾಗಿಯೇ ಊರ ದಾರಿ ಹಿಡಿದವು.

ಮೂರುಮುಕ್ಕಾಲರ ಸುಮಾರಿಗೆ ನೈಋತ್ಯದ ದಿಗಂತ ಮಳೆ ಬರುವ ಹಾಗೆ ಕಪ್ಪಾಯಿತು. ಅಂಕೋಲೆಯ ಕಡಲತೀರದಲ್ಲಿ ನಮ್ಮ ದೇಶದ ನೆಲ ಮುಟ್ಟಿ ಹುಬ್ಬಳ್ಳಿ, ಗದಗ, ರಾಯಚೂರುಗಳನ್ನು ದಾಟಿ ಬಂದ ನೆರಳು ಅದು. ಪುರಿಯ ಕಡಲಿಗಿಳಿಯಲು ಅದಕ್ಕೆ ಬೇಕಾದದ್ದು ಅರ್ಧ ಗಂಟೆಯೂ ಅಲ್ಲ. "ಈಗ ಮುಖ ಎತ್ತಬ್ಯಾಡ್ರಿ, ನಾ ಹೇಳೂತನಕ ನೆಲಾ ನೋಡ್ರಿ" ಎಂದು ಮಾಸ್ತರರು ಕೂಗಿದರು. ಕೊನೆಯ ಬೆಳಕಿನ ಚುಕ್ಕೆ ವಜ್ರದುಂಗುರದ ಹರಳಿನ ಹಾಗೆ ಮಿಂಚಿ ಆರಿತಂತೆ. ಅದನ್ನು ಅವರಷ್ಟೇ ತಮ್ಮ ಕಪ್ಪು ಗಾಜಿನಿಂದ ಕಂಡರು. "ಈಗ ನೋಡ್ರಿ!" ಎಂದರು.

ನೋಡಿದೆವು. ಸೂರ್ಯನಿದ್ದ ಜಾಗದಲ್ಲಿ ಕಪ್ಪು ಬಿಲ್ಲೆ. ಅದರ ಸುತ್ತ ಮುತ್ತಿನ ಬಣ್ಣದ ಬೆಳಕು ಎಲ್ಲ ದಿಕ್ಕಿಗೂ ಹೂವಿನ ಎಸಳಿನಂತೆ ಚಾಚಿತ್ತು. ಅದು ಸೂರ್ಯನ ಹೊರವಲಯ, ಕರೋನಾ ಎಂದು ಕರೆಯುವ ಕಿರೀಟ. ಸೂರ್ಯನ ಮೇಲಿನ ಚಟುವಟಿಕೆ ಉಬ್ಬರದಲ್ಲಿದ್ದ ಕಾಲವಾದ್ದರಿಂದ ಅದು ಅಷ್ಟು ದುಂಡಗೆ ಹರಡಿತ್ತೆಂಬುದನ್ನು ನಾವು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮೇಲೆ ಶುಕ್ರ ಹಗಲಲ್ಲೇ ಹೊಳೆಯುತ್ತಿದ್ದ. ಸುತ್ತಲಿನ ದಿಗಂತವೆಲ್ಲ ಒಂದೇ ಸಲ ನಾಲ್ಕು ಕಡೆಗೂ ಸಂಜೆಯಾದಂತೆ ಹೊಂಬಣ್ಣವಾಗಿತ್ತು. ಏಳು ಹುಡುಗರಲ್ಲಿ ಒಬ್ಬನೂ ಮಾತಾಡಲಿಲ್ಲ. ಒಬ್ಬ ಅಳುತ್ತಿದ್ದ, ಅದು ಹೆದರಿಕೆಯ ಅಳುವಾಗಿರಲಿಲ್ಲ. ಸುಮಾರು ಎರಡೂವರೆ ನಿಮಿಷ. ಮಾಸ್ತರರು ಗಡಿಯಾರ ನೋಡುತ್ತಿದ್ದವರು "ಸಾಕು, ತಲಿ ತಗ್ಗಿಸ್ರಿ" ಎಂದರು. ಬೆಳಕು ದೀಪ ಹಚ್ಚಿದಂತೆ ಹೊಳೆಯಾಚೆಯಿಂದ ಹರಿದು ಬಂತು. ಊರ ಕೋಳಿಗಳು ಕೂಗಿದವು. ಒಂದು ಬಾಗಿಲೂ ತೆರೆಯಲಿಲ್ಲ.

ಅದೇ ಹೊತ್ತಿಗೆ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ, ಹೈದರಾಬಾದಿನ ಬಳಿಯ ರಂಗಾಪುರದ ವೀಕ್ಷಣಾಲಯದಲ್ಲಿ ವಿಜ್ಞಾನಿಗಳು ದೂರದರ್ಶಕ ಹೂಡಿ ಕುಳಿತಿದ್ದರು. ದೂರದಿಂದ ಬಂದವರು ಹುಡುಕಿಕೊಂಡು ಬಂದ ನೋಟವು ನಮ್ಮವರ ಮನೆಯ ಅಂಗಳಕ್ಕೇ ಬಂದಿತ್ತು.

ಏಳು ವರ್ಷಗಳ ಮೇಲೆ ನಾವು ಶಿಕ್ಷಕರ ತರಬೇತಿಗೆ ಸೇರಿದೆವು. ಒಂದು ದಿನ ಪ್ರಯೋಗದಲ್ಲಿ ರಟ್ಟಿಗೆ ಸೂಜಿಯ ತೂತು ಮಾಡಿ, ಮೇಣದ ಬತ್ತಿಯ ಉರಿ ಎದುರಿನ ತೆರೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಕಂಡೆವು. ರಜೆಗೆ ಊರಿಗೆ ಬಂದಾಗ ರಾತ್ರಿ ಊಟದ ಹೊತ್ತಿಗೆ ಅದನ್ನು ಉತ್ಸಾಹದಿಂದ ವರ್ಣಿಸುತ್ತ, ಸಣ್ಣ ತೂತೊಂದಿದ್ದರೆ ಸಾಕು, ಗ್ರಹಣದ ಸೂರ್ಯನೂ ಮನೆಯೊಳಗೆ ಮೂಡುತ್ತಾನೆ ಎಂದೆವು. ಬಡಿಸುತ್ತಿದ್ದ ಅತ್ತಿಗೆಯ ಕೈ ನಿಂತಿತು. ಎಲ್ಲರೂ ಎದ್ದ ಮೇಲೆ ಅವರು ನಮ್ಮನ್ನು ಆ ಒಳಕೋಣೆಗೆ ಕರೆದೊಯ್ದು ಪಡುವಣ ಬಾಗಿಲು ತೋರಿಸಿದರು. ಹಲಗೆಯ ಮೇಲುಭಾಗದಲ್ಲಿ ಹಳೆಯ ಮೊಳೆ ಕಿತ್ತ ತೂತಿತ್ತು.

"ತಮ್ಮ, ಅವತ್ತು ನಾ ನೋಡಬಾರದೂಂತ ಕಣ್ಣು ಮುಚ್ಚಿಕೊಂಡೇ ಕುಂತಿದ್ದೆ. ಕಣ್ಣು ತೆರದಾಗ ನೆಲದ ಮ್ಯಾಲೆ ಎಂಟಾಣೆಯಷ್ಟು ಅಗಲ ಬೆಳಕಿತ್ತು. ಅದು ಬಿದಿಗಿ ಚಂದ್ರನಂಗಾಗಿ, ಉಗುರಿನಂಗಾಗಿ, ಹೋಗೇ ಬಿಡ್ತು. ನಾ ನೋಡಿಬಿಟ್ಟೆ ಅಂತ ಯಾರಿಗೂ ಹೇಳಲಿಲ್ಲ" ಎಂದರು.

ಆ ಮಾತಿನ ಭಾರವನ್ನು ಓದುಗರು ಊಹಿಸಬೇಕು. ಒಂದು ಕೂಸನ್ನು ಕಳೆದುಕೊಂಡ ತಾಯಿ, ಎರಡನೆಯದಕ್ಕೆ ತನ್ನ ಕಣ್ಣಿನಿಂದಲೇ ಕೇಡು ತಂದೆನೆಂದು ನಂಬಿ ಮೂರು ತಿಂಗಳು ಒಬ್ಬಳೇ ನವೆದಿದ್ದರು. ಮೇ ತಿಂಗಳಲ್ಲಿ ಹೆಣ್ಣು ಕೂಸು ಹುಟ್ಟಿದಾಗ ಮನೆಯವರೆಲ್ಲ ಮುಖ ನೋಡಿದರೆ, ಅವರು ಮೊದಲು ಅದರ ಕೈಕಾಲಿನ ಬೆರಳುಗಳನ್ನು ಎಣಿಸಿದ್ದರಂತೆ. ಕೂಸು ಗಟ್ಟಿಮುಟ್ಟಾಗಿತ್ತು. ಆದರೂ ಅದಕ್ಕೆ ಜ್ವರ ಬಂದಾಗಲೆಲ್ಲ ಆ ಬೆಳಕಿನ ಉಗುರು ಅವರ ಕಣ್ಣ ಮುಂದೆ ಬರುತ್ತಿತ್ತು. ನೀವು ನೋಡಿದ್ದು ನಮ್ಮ ಮಾಸ್ತರರು ಗೋಡೆಯ ಮೇಲೆ ತೋರಿಸಿದ್ದನ್ನೇ. ಗ್ರಹಣ ನೋಡಲು ಅದಕ್ಕಿಂತ ಸುರಕ್ಷಿತವಾದ ದಾರಿ ಇನ್ನೊಂದಿಲ್ಲ ಎಂದು ನಾವು ಬಿಡಿಸಿ ಹೇಳಿದಾಗ, ಅವರು ಆ ತೂತಿನ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತಿದ್ದರು.

ನಾವು ಮಾಸ್ತರಿಕೆಗೆ ಬಂದ ಮೇಲೆ ಈ ಪಾಠವನ್ನು ಬಿಟ್ಟಿಲ್ಲ. ಗ್ರಹಣವಿಲ್ಲದ ದಿನ ಪರಾತದಲ್ಲಿ ಒನಕೆ ನಿಲ್ಲಿಸಿ ಮಕ್ಕಳಿಗೆ ತೋರಿಸುತ್ತೇವೆ. ತಳ ಸಮನಾಗಿದ್ದರೆ ಅದು ಎಂದೂ ನಿಲ್ಲುತ್ತದೆ. ಹಿರಿಯರ ಒಂದು ಎಚ್ಚರಿಕೆ ಮಾತ್ರ ನಿಜ: ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು. ಕಣ್ಣಿನ ಒಳಪರದೆಗೆ ನೋವಿನ ಅರಿವಿಲ್ಲ. ಸುಟ್ಟದ್ದು ಆಮೇಲೆ ತಿಳಿಯುತ್ತದೆ. ಮಸಿ ಹಿಡಿಸಿದ ಗಾಜು, ಎಕ್ಸರೇ ಹಾಳೆ, ನೀರಿನಲ್ಲಿನ ಪ್ರತಿಬಿಂಬ ಇವು ಯಾವುವೂ ಸಾಲವು. ಸೂರ್ಯಬಿಂಬ ಪೂರ್ತಿ ಮುಚ್ಚಿದ ಆ ಎರಡು ನಿಮಿಷಗಳಿಗಷ್ಟೇ ಬರಿಗಣ್ಣಿಗೆ ಅಪ್ಪಣೆ. ಉಳಿದ ಹೊತ್ತಿಗೆ ಗ್ರಹಣಕ್ಕೆಂದೇ ತಯಾರಾದ ಸೌರ ಕನ್ನಡಕ ಬೇಕು, ಇಲ್ಲವೆ ಒಂದು ಸಣ್ಣ ತೂತು ಸಾಕು.

2019ರ ಡಿಸೆಂಬರ್ 26ರ ಕಂಕಣ ಗ್ರಹಣವನ್ನು ಕಾಸರಗೋಡು, ವಯನಾಡು, ನೀಲಗಿರಿಯ ಓದುಗ ಬಂಧುಗಳು ನೆನೆಯಬಲ್ಲರು. ಅಲ್ಲಿ ಉಂಗುರವಾದ ಸೂರ್ಯ ನಮ್ಮಲ್ಲಿ ಕುಡುಗೋಲಾದ. ರಜೆಯ ದಿನವಾದರೂ ಮಕ್ಕಳನ್ನು ಕರೆದೆವು. ಬೇವಿನ ಎಲೆಗಳ ಸಂದಿನಿಂದ ಅಂಗಳದ ತುಂಬ ನೂರಾರು ಕುಡುಗೋಲುಗಳು ಬಿದ್ದಿದ್ದವು. ಅತ್ತಿಗೆ ತಮ್ಮ ಮೊಮ್ಮಗಳ ಕೈ ಹಿಡಿದು ಬಂದಿದ್ದರು. ಆ ವರ್ಷ ಬಂದ ಮಕ್ಕಳನ್ನು ಎಣಿಸಿದೆವು: ನಲವತ್ತಮೂರು. ಅರ್ಧದಷ್ಟು ಹುಡುಗಿಯರು. ಬಾರದವರೂ ಇದ್ದರು, ಅವರ ಮನೆಗಳ ಬಾಗಿಲು ಹಾಕಿಯೇ ಇದ್ದವು.

ಭಾರತದ ನೆಲದಲ್ಲಿ ಮುಂದಿನ ಸಂಪೂರ್ಣ ಗ್ರಹಣ 2034ರ ಮಾರ್ಚ್ 20ರಂದು, ಲಡಾಖ್ ಕಾಶ್ಮೀರಗಳ ಕಡೆ. ಅದಕ್ಕೂ ಮೊದಲು, 2027ರ ಆಗಸ್ಟ್ 2ರ ಸೋಮವಾರ ಸಾಯಂಕಾಲ, ಮೋಡ ದಾರಿ ಬಿಟ್ಟರೆ ನಮ್ಮ ಕಡೆಗೂ ಪಾರ್ಶ್ವ ಗ್ರಹಣ ಕಾಣಲಿದೆ. ಮನೆಯಲ್ಲಿ ಮಕ್ಕಳಿರುವವರು, ಬಸುರಿ ಸೊಸೆ ಮಗಳಿರುವವರು, ಆ ಸಂಜೆ ಒಂದು ರಟ್ಟಿಗೆ ಸೂಜಿಯ ತೂತು ಮಾಡಿ ಪಡುವಣ ಬಾಗಿಲು ತೆರೆಯಿರಿ ಎಂದು ನಮ್ಮ ಬಿನ್ನಹ. ನೋಡಿದ್ದನ್ನು ಯಾರೂ ಬಚ್ಚಿಟ್ಟುಕೊಳ್ಳುವಂತಾಗಬಾರದು.