ನೆಟ್‌ವರ್ಕ್ ಕಾರ್ಡ್ ಕಾಣುತ್ತಿಲ್ಲವೇ? ರೈಲು ಹತ್ತುವ ಮುನ್ನ ಪರೀಕ್ಷಿಸಿ

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಬಳಿಕ ಕೆಜಿಎಫ್ ಹಾಗೂ ಬಂಗಾರಪೇಟೆಯ ಸಾವಿರಾರು ಮಂದಿಗೆ ಬೆಂಗಳೂರಿನ ರೈಲೇ ಜೀವನಾಧಾರ. ಅಂಥವರೊಬ್ಬರು ಮನೆಯಲ್ಲಿ ತಾವೇ ಬಿಡಿಭಾಗ ಜೋಡಿಸಿದ ಸರ್ವರ್, ತಂತಿಯ ನೆಟ್‌ವರ್ಕ್ ಕಾರ್ಡನ್ನು ಗುರುತಿಸದೆ ಹೋದರೆ? ಮದರ್‌ಬೋರ್ಡ್ ಹೊತ್ತು ಎಸ್‌.ಪಿ. ರಸ್ತೆಯ ಮಳಿಗೆಗಳನ್ನು ಅಲೆಯುವುದೆಂದರೆ ಒಂದು ದಿನದ ದುಡಿಮೆಗೆ ಕತ್ತರಿ. ಅನೇಕ ವೇಳೆ ಅದರ ಅಗತ್ಯವೇ ಇರುವುದಿಲ್ಲ.

ಮೊದಲು ತಿಳಿಯಬೇಕಾದುದು, ದೋಷ ಯಂತ್ರಾಂಶದ್ದೋ ತಂತ್ರಾಂಶದ್ದೋ ಎಂಬುದು. ಲಿನಕ್ಸ್‌ನಲ್ಲಿ 'ಎಲ್‌ಎಸ್‌ಪಿಸಿಐ' ಎಂಬ ಆದೇಶ ನೀಡಿದರೆ ಮದರ್‌ಬೋರ್ಡಿಗೆ ಜೋಡಿಸಿರುವ ಸಾಧನಗಳ ಪಟ್ಟಿ ಮೂಡುತ್ತದೆ. ಅದರಲ್ಲಿ 'ಈಥರ್ನೆಟ್ ಕಂಟ್ರೋಲರ್' ಇದ್ದರೆ ಕೊರತೆ ಸಾಮಾನ್ಯವಾಗಿ ಡ್ರೈವರಿನದು. ಉದಾಹರಣೆಗೆ, ರಿಯಲ್‌ಟೆಕ್‌ನ ಆರ್‌ಟಿಎಲ್ 8125 ಚಿಪ್‌ಗೆ ಬೆಂಬಲ ದೊರೆತದ್ದು 2019ರ ಲಿನಕ್ಸ್ 5.4 ಕರ್ನಲ್‌ನಲ್ಲಿ. ಅದಕ್ಕಿಂತ ಹಳೆಯ ಕರ್ನಲ್‌ಗೆ ಈ ಚಿಪ್ ಅಪರಿಚಿತ. ಕರ್ನಲ್ ನವೀಕರಿಸಲು ಅಂತರ್ಜಾಲ ಬೇಕಷ್ಟೆ. ಮೊಬೈಲನ್ನು ಯುಎಸ್‌ಬಿ ಕೇಬಲ್ ಮೂಲಕ ಜೋಡಿಸಿ 'ಟೆದರಿಂಗ್' ಆರಿಸಿದರೆ ಅದೂ ಲಭ್ಯ.

ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಬಯೋಸ್ ಪ್ರವೇಶಿಸಿ, 'ಆನ್‌ಬೋರ್ಡ್ ಲ್ಯಾನ್' ಸಕ್ರಿಯವಾಗಿದೆಯೇ ನೋಡಿ. ಪ್ರತ್ಯೇಕ ಕಾರ್ಡಾದರೆ ವಿದ್ಯುತ್ ಸಂಪರ್ಕ ತೆಗೆದು, ಬೇರೊಂದು ಸ್ಲಾಟಿನಲ್ಲಿ ಕೂರಿಸಿ. ನೆಟ್‌ವರ್ಕ್ ಕೇಬಲ್ ಬದಲಿಸಿ ಪ್ರಯೋಜನವಿಲ್ಲ. ಕೇಬಲ್ ಕೆಟ್ಟರೆ ಸಂಪರ್ಕ ಕಡಿಯುತ್ತದೆಯೇ ಹೊರತು ಕಾರ್ಡ್ ಪಟ್ಟಿಯಿಂದ ಮಾಯವಾಗುವುದಿಲ್ಲ.

ಇಷ್ಟಾದರೂ ಕಾಣದಿದ್ದರೆ ಮಾತ್ರ ಯಂತ್ರಾಂಶವನ್ನು ಶಂಕಿಸಬೇಕು. ಆಗಲೂ ಇಡೀ ಬೋರ್ಡ್ ಬದಲಿಸಬೇಕಿಲ್ಲ. ಯುಎಸ್‌ಬಿ ಈಥರ್ನೆಟ್ ಅಡಾಪ್ಟರೊಂದು ಸಾಕು.